ಏರ್ ಪೈಪ್ ಸೋರುತ್ತಿದೆಯೆಂದು ಅದರ ಬಾಯಿ ಮುಚ್ಚಿಸಬೇಡಿ: ನಮ್ಮ ಮನೆಯ ಬಾಯ್ಲರ್ ಒಡೆದ ಬಗೆ

ಸೌದೆ ಒಲೆಯ ಬಾಯ್ಲರಿನಿಂದ ಬಚ್ಚಲು ಮನೆಗಳಿಗೆ ಬಿಸಿನೀರು ಹರಿಸಿಕೊಳ್ಳುತ್ತಿರುವ ಎಲ್ಲರೂ, ಅದರಲ್ಲೂ ಚಳಿಗಾಲಕ್ಕೆ ಮೊದಲು ಪೈಪುಗಳ ದುರಸ್ತಿ ಮಾಡಿಸುವವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕಳೆದ ಹುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಮರುದಿನ ನಮ್ಮ ಮನೆಯ ಹಿಂದಿದ್ದ 80 ಲೀಟರಿನ ತಾಮ್ರದ ಬಾಯ್ಲರ್ ಒಡೆದು, ನಮ್ಮ ಅತ್ತೆಯವರ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಅವರು ಒಲೆಯ ಮುಂದಿನಿಂದ ಎದ್ದು ನಾಲ್ಕು ಹೆಜ್ಜೆ ನಡೆದಿದ್ದರಿಂದ ಜೀವ ಉಳಿಯಿತು. ಆ ಬಾಯ್ಲರ್ ಹಳೆಯದೇನೋ ಹೌದು, ಆದರೆ ಅದು ಒಡೆದದ್ದು ಹಳತಾಗಿದ್ದರಿಂದಲ್ಲ. ಚಳಿಗಾಲಕ್ಕೆಂದು ನಾವು ದುಡ್ಡು ಕೊಟ್ಟು ಮಾಡಿಸಿದ ದುರಸ್ತಿಯಿಂದ.

ನಮ್ಮದು ಮಡಿಕೇರಿಯ ಹತ್ತಿರದ ಗುಡ್ಡದ ಇಳಿಜಾರಿನಲ್ಲಿರುವ ಮನೆ. ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿಯೇ ಇಳಿದು ಬರುವ ನೀರು ಮನೆಯ ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕಿನಿಂದ ಒಂದು ಪೈಪ್ ಬಾಯ್ಲರಿನ ಬುಡಕ್ಕೆ ತಣ್ಣೀರು ಕೊಡುತ್ತದೆ, ಬಾಯ್ಲರಿನ ತಲೆಯಿಂದ ಬಿಸಿನೀರಿನ ಪೈಪ್ ಮೂರು ಬಚ್ಚಲು ಮನೆಗಳಿಗೆ ಹೋಗುತ್ತದೆ. ಅದೇ ತಲೆಯಿಂದ ಇನ್ನೊಂದು ಜಿಐ ಪೈಪ್ ನೇರವಾಗಿ ಮೇಲಕ್ಕೆದ್ದು, ಟ್ಯಾಂಕಿನ ನೀರಿನ ಮಟ್ಟವನ್ನೂ ದಾಟಿ, ಕೊನೆಯಲ್ಲಿ ಕೊಡೆಯ ಹಿಡಿಯ ಹಾಗೆ ಕೆಳಕ್ಕೆ ಬಾಗಿ ತೆರೆದುಕೊಂಡಿರುತ್ತದೆ. ಇದಕ್ಕೇ ಪ್ಲಂಬರುಗಳು ಏರ್ ಪೈಪ್ ಎನ್ನುವುದು. ನಮ್ಮಲ್ಲಿ ಬಹುತೇಕ ತೋಟದ ಮನೆಗಳ ಏರ್ಪಾಡು ಹೀಗೆಯೇ ಇರುತ್ತದೆ. ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಯಲ್ಲಿ ಬಿದ್ದ ಸಿಲ್ವರ್ ಓಕ್ ಸೌದೆ ಇರುವಾಗ ಕರೆಂಟಿನ ಗೀಸರ್ ಯಾರಿಗೂ ಬೇಕೆನಿಸುವುದಿಲ್ಲ. ಕರೆಂಟ್ ಹೋದ ದಿನವೂ ಒಲೆ ಉರಿಯುತ್ತದೆ.

ಹೋದ ವರ್ಷದ ಮಳೆಗಾಲದಲ್ಲಿ ಟ್ಯಾಂಕಿನ ಕಟ್ಟೆ ಬಿರುಕು ಬಿಟ್ಟಿದ್ದರಿಂದ ಸೆಪ್ಟೆಂಬರಿನಲ್ಲಿ ಹೊಸ ಕಟ್ಟೆ ಕಟ್ಟಿಸಿದೆವು. ನೀರು ರಭಸವಾಗಿ ಬರಲಿ ಎಂದು ಅದನ್ನು ಮೊದಲಿಗಿಂತ ಒಂದಡಿ ಎತ್ತರಿಸಿದೆವು. ಏರ್ ಪೈಪನ್ನು ಮಾತ್ರ ಎತ್ತರಿಸಲಿಲ್ಲ. ಅದು ಯಾರ ಗಮನಕ್ಕೂ ಬರಲಿಲ್ಲ. ಅಂದಿನಿಂದ ಒಲೆ ಹೊತ್ತಿಸಿದಾಗಲೆಲ್ಲ ಏರ್ ಪೈಪಿನ ಬಾಯಿಂದ ನೀರು ತೊಟ್ಟಿಕ್ಕತೊಡಗಿತು.

ನವೆಂಬರಿನ ಮಧ್ಯದಲ್ಲಿ ಕೆನಡಾದಲ್ಲಿರುವ ನನ್ನ ಮೈದುನ ಫೋನ್ ಮಾಡಿದಾಗ, ಅಲ್ಲಿ ಚಳಿಗಾಲಕ್ಕೆ ಮೊದಲು ಹೊರಗಿನ ಪೈಪುಗಳಿಗೆಲ್ಲ ಫೋಮಿನ ಹೊದಿಕೆ ಹಾಕಿಸುವುದಾಗಿಯೂ, ಸೋರುವ ನಲ್ಲಿಗಳನ್ನು ಸರಿಪಡಿಸಿಕೊಳ್ಳುವುದಾಗಿಯೂ ಹೇಳಿ, "ಅತ್ತಿಗೆ, ನೀವೂ ಬಿಸಿನೀರಿನ ಪೈಪಿಗೆ ಹೊದಿಕೆ ಹಾಕಿಸಿ, ಸೌದೆ ಉಳಿಯುತ್ತದೆ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿ ಪೈಪಿನೊಳಗಿನ ನೀರು ಹೆಪ್ಪುಗಟ್ಟಿದರೆ ಸುಮಾರು 9 ಶೇಕಡದಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟೇ ಹೊರತು ಪೈಪಿನ ನೀರು ಹೆಪ್ಪುಗಟ್ಟುವುದಿಲ್ಲ. ಆದರೂ ಬಾಯ್ಲರಿನಿಂದ ಬಚ್ಚಲು ಮನೆಗೆ ಬರುವಷ್ಟರಲ್ಲಿ ನೀರು ಆರಿಹೋಗುತ್ತದೆಂಬುದು ನಿಜವಾದ್ದರಿಂದ, ಹುತ್ತರಿಗೆ ನೆಂಟರು ಬರುವ ಮೊದಲೇ ಈ ಕೆಲಸ ಮುಗಿಸೋಣವೆಂದು ಪ್ಲಂಬರನ್ನು ಕರೆಸಿದೆವು.

ಆತ ಎರಡು ದಿನ ಶ್ರದ್ಧೆಯಿಂದಲೇ ಕೆಲಸ ಮಾಡಿದ. ಬಿಸಿನೀರಿನ ಪೈಪಿಗೆ ಹೊದಿಕೆ ಹಾಕಿದ. ಬಿಸಿನೀರು ಹಿಂದಕ್ಕೆ ಹೋಗಿ ಟ್ಯಾಂಕಿನ ನೀರು ಬೆಚ್ಚಗಾಗುತ್ತಿದೆ, ಸೌದೆ ಸುಮ್ಮನೆ ಹಾಳಾಗುತ್ತಿದೆ ಎಂದು ಹೇಳಿ ತಣ್ಣೀರಿನ ಪೈಪಿಗೆ ಒಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಮುಂದಕ್ಕೆ ಮಾತ್ರ ಬಿಟ್ಟು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್) ಕೂಡಿಸಿದ. ಕೊನೆಗೆ ಏರ್ ಪೈಪಿನ ಬಾಯಿಂದ ತೊಟ್ಟಿಕ್ಕುವ ನೀರು ಹೊಸ ಹೊದಿಕೆಯ ಮೇಲೆ ಬಿದ್ದು ನೆನೆಸುತ್ತಿರುವುದನ್ನು ನನಗೆ ತೋರಿಸಿ, "ಅಕ್ಕ, ಇದು ಹೀಗೇ ಸೋರುತ್ತಿದ್ದರೆ ಹಾಕಿದ್ದೆಲ್ಲ ದಂಡ. ಒಂದು ಎಂಡ್ ಕ್ಯಾಪ್ ಹಾಕಿಬಿಡಲೇ?" ಎಂದು ಕೇಳಿದ. ನಾನು ಹಾಕು ಎಂದೆ. ಆ ಪೈಪ್ ಏಕಿದೆಯೆಂದು ಆತನನ್ನೂ ಕೇಳಲಿಲ್ಲ, ಮನೆಯ ಹಿರಿಯರನ್ನೂ ಕೇಳಲಿಲ್ಲ. ಇಂದಿಗೂ ನನ್ನನ್ನು ಕೊರೆಯುತ್ತಿರುವುದು ಆ ಒಂದು ಮಾತು.

ಆಮೇಲಿನ ದಿನಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇದ್ದಂತೆ ಕಂಡಿತು. ಬೆಳಿಗ್ಗೆ ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿದವರಿಗೆ ನೀರು ಛಕ್ಕೆಂದು ಚಿಮ್ಮಿ, ಒಂದೆರಡು ಕ್ಷಣದಲ್ಲಿ ಮಾಮೂಲಿನಂತೆ ಹರಿಯುತ್ತಿತ್ತು. ಟ್ಯಾಂಕ್ ಎತ್ತರಿಸಿದ್ದರ ಫಲವೆಂದು ನಾವು ಸಂತೋಷಪಟ್ಟೆವು. ಅದು ಟ್ಯಾಂಕಿನ ಎತ್ತರದ ರಭಸವಾಗಿದ್ದರೆ ನಲ್ಲಿ ತೆರೆದಿರುವಷ್ಟು ಹೊತ್ತೂ ಒಂದೇ ಸಮನೆ ಇರಬೇಕಿತ್ತು. ಮೊದಲು ಚಿಮ್ಮಿ ಆಮೇಲೆ ಇಳಿಯುವುದೆಂದರೆ ಒಳಗೆ ಕಟ್ಟಿಕೊಂಡಿದ್ದ ಒತ್ತಡ ಹೊರಬೀಳುತ್ತಿದೆ ಎಂದೇ ಅರ್ಥ. ಇದು ನನಗೆ ಆಗ ಹೊಳೆಯಲಿಲ್ಲ. ನಿಮ್ಮ ಮನೆಯಲ್ಲಿ ಹೀಗಾಗುತ್ತಿದ್ದರೆ ದಯವಿಟ್ಟು ನಾಳೆ ಒಲೆ ಹೊತ್ತಿಸಬೇಡಿ.

ಅಷ್ಟು ದಿನ ನಮ್ಮನ್ನು ಕಾಪಾಡಿದ್ದು ನೆಂಟರ ಕೋಣೆಯ ಬಚ್ಚಲಿನಲ್ಲಿ ವಾಷರ್ ಸವೆದು ಹಗಲಿರುಳು ಸೋರುತ್ತಿದ್ದ ಒಂದು ಹಳೆಯ ನಲ್ಲಿ. ಹುತ್ತರಿಗೆ ಎರಡು ದಿನವಿದ್ದಾಗ ಅದನ್ನೂ ತೆಗೆಸಿ ಹೊಸದು ಹಾಕಿಸಿದೆವು. ಹಬ್ಬದ ದಿನ ಮನೆ ತುಂಬ ಜನರಿದ್ದು ಬೆಳಗಿನಿಂದ ರಾತ್ರಿಯವರೆಗೆ ಒಂದಲ್ಲ ಒಂದು ನಲ್ಲಿ ತೆರೆದೇ ಇದ್ದುದರಿಂದ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಎಲ್ಲರೂ ಕೋಲಾಟ ನೋಡಲು ಊರಿನ ಹಬ್ಬದ ಬಯಲಾದ ಮಂದ್‌ಗೆ ಹೋದರು; ಮನೆಯಲ್ಲಿ ಉಳಿದವರು ನಾನು ಮತ್ತು ಅತ್ತೆ. ಬಂದವರಿಗೆಲ್ಲ ಸ್ನಾನಕ್ಕೆ ನೀರು ಕಾದಿರಲೆಂದು ಅತ್ತೆಯವರು ನಾಲ್ಕು ಗಂಟೆಗೆ ದಪ್ಪ ಕೊರಡೊಂದನ್ನು ಒಲೆಗೆ ತುರುಕಿ ಬೆಂಕಿ ಜೋರು ಮಾಡಿದರು. ಒಂದೂವರೆ ಗಂಟೆಯ ಕಾಲ ಮನೆಯಲ್ಲಿ ಒಂದು ನಲ್ಲಿಯನ್ನೂ ಯಾರೂ ತಿರುಗಿಸಲಿಲ್ಲ.

ಬಾಯ್ಲರಿನಿಂದ ಗೊರಗೊರ ಸದ್ದು ಬರುತ್ತಿದೆ ಎಂದು ಅತ್ತೆಯವರು ಹೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ. ನೀರು ಚೆನ್ನಾಗಿ ಕಾದಿದೆ, ಇನ್ನು ಸೌದೆ ಹಿಂದಕ್ಕೆಳೆಯಿರಿ ಎಂದೆ. ಅವರು ಒಂದು ಕೊರಡು ಹೊರಗೆಳೆದು, ಅದಕ್ಕೆ ಬೂದಿ ಮುಚ್ಚಲೆಂದು ಮೂಲೆಯಲ್ಲಿದ್ದ ಸಲಿಕೆಯ ಕಡೆ ಹೋದರು. ಆಗ ತೆಂಗಿನಮರ ಹಂಚಿನ ಮೇಲೆ ಬಿದ್ದಂಥ ಸದ್ದಾಯಿತು. ನಾನು ಓಡಿಹೋಗುವಷ್ಟರಲ್ಲಿ ಹಿಂದಿನ ಕೊಟ್ಟಿಗೆ ಪೂರ್ತಿ ಆವಿ ತುಂಬಿ ಕೈ ಹಿಡಿದರೆ ಕೈ ಕಾಣುತ್ತಿರಲಿಲ್ಲ. ಬಾಯ್ಲರಿನ ಬುಡದ ಬೆಸುಗೆ ಒಂದು ಮಗ್ಗುಲಲ್ಲಿ ಪೂರ್ತಿ ಬಿಚ್ಚಿಕೊಂಡು, ತಾಮ್ರದ ತಗಡು ಬಾಳೆಎಲೆಯ ಹಾಗೆ ಹೊರಕ್ಕೆ ಮಗುಚಿತ್ತು. ಒಲೆಯ ಎರಡು ಸಾಲು ಇಟ್ಟಿಗೆ ಎದುರಿನ ಗೋಡೆಗೆ ಬಡಿದು ಚೂರಾಗಿದ್ದವು. ಮೇಲೆ ಹೊದಿಕೆ ಹರಿದು ನೇತಾಡುತ್ತಿತ್ತು. ಏರ್ ಪೈಪಿನ ತುದಿಯ ಕ್ಯಾಪ್ ಮಾತ್ರ, ಅಂಚಿನಲ್ಲಿ ಹೊಸ ಟೆಫ್ಲಾನ್ ಟೇಪಿನ ಬಿಳಿ ಎಳೆಯೊಂದಿಗೆ, ಹಾಕಿದ ಹಾಗೆಯೇ ಬಿಗಿಯಾಗಿ ಕೂತಿತ್ತು.

ಅತ್ತೆಯವರ ಕೈಯನ್ನು ಕೂಡಲೇ ಹೊರಗಿನ ತಣ್ಣೀರಿನ ನಲ್ಲಿಯ ಕೆಳಗೆ ಹಿಡಿಸಿದೆ. ಸದ್ದು ಕೇಳಿ ಓಡಿಬಂದವರಲ್ಲಿ ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಎಂದರು, ಇನ್ನೊಬ್ಬರು ಅರಿಸಿನ ತಂದರು. ಪಕ್ಕದ ತೋಟದವರ ಸೊಸೆ ನರ್ಸ್ ಆಗಿರುವವರು ಎರಡನ್ನೂ ತಡೆದು, 20 ನಿಮಿಷ ಹರಿಯುವ ನೀರಿನಲ್ಲೇ ಹಿಡಿಸಿ, ಬಳೆ ಮತ್ತು ಉಂಗುರವನ್ನು ಕೈ ಊದಿಕೊಳ್ಳುವ ಮೊದಲೇ ತೆಗೆಸಿ, ಒಗೆದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕಳುಹಿಸಿದರು. ಗಾಯ ಇನ್ನೂ ಆಳಕ್ಕೆ ಇಳಿಯದಿದ್ದುದು ಅದರಿಂದಲೇ ಎಂದು ವೈದ್ಯರು ಹೇಳಿದರು. ಆದರೂ ಅತ್ತೆಯವರಿಗೆ ಆ ಕೈಯಿಂದ ಅನ್ನ ಕಲಸಿ ಉಣ್ಣಲು ಏಳು ವಾರ ಬೇಕಾಯಿತು.

ನಡೆದದ್ದೇನೆಂದು ನಮಗೆ ತಿಳಿಸಿಕೊಟ್ಟವರು ಕುಶಾಲನಗರದ ಕಡೆಯಿಂದ ಬಂದ ಒಬ್ಬ ಹಿರಿಯ ಪ್ಲಂಬರ್. ಅವರು ಮೊದಲು ಒಡೆದ ಬಾಯ್ಲರನ್ನು ನೋಡಲೇ ಇಲ್ಲ. ತಲೆಯೆತ್ತಿ ಕ್ಯಾಪನ್ನು ನೋಡಿ, ಆಮೇಲೆ ಬಗ್ಗಿ ತಣ್ಣೀರಿನ ವಾಲ್ವನ್ನು ಮುಟ್ಟಿ, "ಅಮ್ಮಾ, ಮೂಗು, ಬಾಯಿ ಎರಡನ್ನೂ ಮುಚ್ಚಿದ್ದಾರೆ" ಎಂದರು. 80 ಲೀಟರ್ ನೀರನ್ನು 15 ಡಿಗ್ರಿಯಿಂದ 90 ಡಿಗ್ರಿಗೆ ಕಾಯಿಸಿದರೆ ಅದು ಹಿಗ್ಗಿ ಸುಮಾರು ಎರಡೂಮುಕ್ಕಾಲು ಲೀಟರಿನಷ್ಟು ಹೆಚ್ಚಾಗುತ್ತದೆ. ನೀರನ್ನು ಗಾಳಿಯಂತೆ ಅದುಮಿಡಲು ಆಗುವುದಿಲ್ಲವಾದ್ದರಿಂದ ಈ ಹೆಚ್ಚಿನ ನೀರಿಗೆ ಎಲ್ಲಾದರೊಂದು ದಾರಿ ಇರಲೇಬೇಕು. ಮೊದಲು ಅದಕ್ಕೆ ಮೂರು ದಾರಿಗಳಿದ್ದವು: ತಣ್ಣೀರಿನ ಪೈಪಿನಲ್ಲಿ ಹಿಂದಕ್ಕೆ ಸರಿದು ಟ್ಯಾಂಕ್ ಸೇರುವುದು, ಏರ್ ಪೈಪಿನಲ್ಲಿ ಮೇಲೇರುವುದು, ಆ ಸವೆದ ನಲ್ಲಿಯಿಂದ ತೊಟ್ಟಿಕ್ಕುವುದು. ನಾನ್ ರಿಟರ್ನ್ ವಾಲ್ವಿನಿಂದ ಮೊದಲನೆಯದು ಹೋಯಿತು, ಕ್ಯಾಪಿನಿಂದ ಎರಡನೆಯದು, ಹೊಸ ನಲ್ಲಿಯಿಂದ ಮೂರನೆಯದು. ಬಾಯ್ಲರಿನ ತಲೆಯಲ್ಲಿ ಸಿಕ್ಕಿಕೊಂಡಿದ್ದ ಸ್ವಲ್ಪ ಗಾಳಿ ಒಂದಷ್ಟು ಹೊತ್ತು ತಡೆದಿರಬೇಕು. ನಮ್ಮ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡದಲ್ಲಿ ಸಿಕ್ಕಿದ ನೀರು ಅದನ್ನು ಮೀರಿ ಕಾಯುತ್ತಲೇ ಹೋಗುತ್ತದೆ, ಬೆಸುಗೆ ಬಿಟ್ಟ ಕ್ಷಣದಲ್ಲಿ ಅದರ ಒಂದು ಪಾಲು ಒಮ್ಮೆಗೇ ಆವಿಯಾಗುತ್ತದೆ, ಆವಿಗೆ ನೀರಿಗಿಂತ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಜಾಗ ಬೇಕು. ಇಟ್ಟಿಗೆಗಳನ್ನು ಎಸೆದದ್ದು ಅದು.

ಹಾಗಾದರೆ ಏರ್ ಪೈಪ್ ಸೋರುತ್ತಿದ್ದುದೇಕೆ? ಬಿಸಿನೀರು ತಣ್ಣೀರಿಗಿಂತ ಹಗುರ. ಟ್ಯಾಂಕಿನ ಕಡೆಯ ಮೂರು ಮೀಟರ್ ತಣ್ಣೀರಿನ ಭಾರಕ್ಕೆ ಸರಿತೂಗಬೇಕಾದರೆ ಏರ್ ಪೈಪಿನಲ್ಲಿರುವ ಕಾದ ನೀರು ಅದಕ್ಕಿಂತ ಸುಮಾರು 10 ಸೆಂಟಿಮೀಟರ್ ಮೇಲೆ ನಿಲ್ಲಬೇಕಾಗುತ್ತದೆ, ಕುದಿಯತೊಡಗಿದರೆ ಇನ್ನೂ ಮೇಲಕ್ಕೆ ಉಕ್ಕುತ್ತದೆ. ಟ್ಯಾಂಕ್ ಎತ್ತರಿಸಿದ ಮೇಲೆ ನಮ್ಮ ಏರ್ ಪೈಪಿನ ಬಾಯಿಗೂ ನೀರಿನ ಮಟ್ಟಕ್ಕೂ ನಡುವೆ ಉಳಿದದ್ದು ನಾಲ್ಕು ಬೆರಳಿನಷ್ಟು ಅಂತರ. ಪೈಪಿಗೆ ಎರಡಡಿ ತುಂಡೊಂದನ್ನು ಜೋಡಿಸಿದ್ದರೆ ಸೋರುವುದು ನಿಲ್ಲುತ್ತಿತ್ತು. ಕ್ಯಾಪಿಗೆ ಬಿದ್ದ ಖರ್ಚಿಗಿಂತ ಅದು ಹೆಚ್ಚೇನೂ ಆಗುತ್ತಿರಲಿಲ್ಲ.

ಇದನ್ನು ಓದುತ್ತಿರುವವರು ಇಂದೇ ಮನೆಯ ಹಿಂದೆ ಹೋಗಿ, ಒಲೆ ಆರಿರುವಾಗ, ಬಾಯ್ಲರಿನ ತಲೆಯಿಂದ ಹೊರಟ ಏರ್ ಪೈಪನ್ನು ಕಣ್ಣಿನಲ್ಲೇ ಹಿಂಬಾಲಿಸಿ ಅದರ ಬಾಯಿಯವರೆಗೂ ನೋಡಬೇಕು. ನಡುವೆ ಎಲ್ಲಿಯೂ ಗೇಟ್ ವಾಲ್ವಾಗಲಿ ಕ್ಯಾಪಾಗಲಿ ಇರಬಾರದು. ತೆರೆದಿರುವಂತೆ ಕಂಡರೂ ಒಳಗೆ ಕಣಜದ ಮಣ್ಣಿನ ಗೂಡು ಕಟ್ಟಿಕೊಂಡಿರಬಹುದು, ಆದ್ದರಿಂದ ತಂತಿ ಹಾಕಿ ನೋಡುವುದು ಒಳ್ಳೆಯದು. ತಣ್ಣೀರಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿದ್ದರೆ ಏರ್ ಪೈಪೊಂದೇ ಉಳಿದ ದಾರಿ ಎಂಬುದನ್ನು ಮನೆಯ ಎಲ್ಲರಿಗೂ, ಒಲೆ ಹೊತ್ತಿಸುವ ಕೆಲಸದವರಿಗೂ ತಿಳಿಸಿಡಬೇಕು. ಒರತೆಯ ಪೈಪಿನಲ್ಲಿ ಎಲೆ ಸಿಕ್ಕಿಕೊಂಡು ಟ್ಯಾಂಕ್ ಖಾಲಿಯಾಗಿರುವ ಬೆಳಿಗ್ಗೆ ಒಲೆ ಹೊತ್ತಿಸುವುದೂ ಅಪಾಯವೇ; ಒಣಗಿ ಕಾದ ಬಾಯ್ಲರಿಗೆ ತಣ್ಣೀರು ಬಿಡಲೇಬಾರದು.

ಕರೆಂಟಿನ ಗೀಸರ್ ಇರುವವರಿಗೂ ಈ ಮಾತು ಅನ್ವಯಿಸುತ್ತದೆ. ನೀರು ಕಾಯುವಾಗ ಗೀಸರಿನ ಸೇಫ್ಟಿ ವಾಲ್ವಿನಿಂದ ಹನಿ ಬೀಳುವುದು ಅದು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಗೋಡೆ ನೆನೆಯುತ್ತದೆಂದು ಅದಕ್ಕೆ ಪ್ಲಗ್ ಹೊಡೆಸಬೇಡಿ, ಸಣ್ಣ ಟ್ಯೂಬ್ ಸಿಕ್ಕಿಸಿ ಹನಿಯನ್ನು ಬಚ್ಚಲಿಗೆ ಇಳಿಸಿ. ಗೀಸರ್ ಆಫ್ ಇರುವಾಗಲೂ ಸೋರುತ್ತಿದ್ದರೆ ವಾಲ್ವನ್ನೇ ಬದಲಿಸಬೇಕು.

ಬಾಯ್ಲರ್ ಗೊರಗೊರ ಎನ್ನತೊಡಗಿದರೆ, ಅಥವಾ ನಲ್ಲಿಯಿಂದ ನೀರಿನ ಬದಲು ಆವಿ ಉಗುಳಿದರೆ, ಹತ್ತಿರ ಹೋಗಿ ಸೌದೆ ಎಳೆಯುವ ಸಾಹಸ ಮಾಡಬೇಡಿ. ನಾನು ಅತ್ತೆಯವರಿಗೆ ಹಾಗೆ ಹೇಳಿದ್ದು ತಪ್ಪು. ಬಾಯ್ಲರಿನ ಮೇಲೆ ನೀರನ್ನೂ ಎರಚಬೇಡಿ. ಎಲ್ಲರೂ ದೂರ ಹೋಗಿ, ಬೆಂಕಿ ತಾನಾಗಿ ಆರಿ ಎಲ್ಲ ತಣ್ಣಗಾಗುವವರೆಗೆ ಆ ಕಡೆ ಸುಳಿಯಬಾರದು. ಗೀಸರ್ ಆಗಿದ್ದರೆ ಮೇನ್ ಸ್ವಿಚ್ ತೆಗೆದು ಹೊರಗೆ ಬರಬೇಕು.

ನಮ್ಮ ಪ್ಲಂಬರಿನ ಮೇಲೆ ನಾವು ದೂರು ಕೊಡಲಿಲ್ಲ. ವಿಷಯ ತಿಳಿದು ಆತ ಅತ್ತೆಯವರನ್ನು ನೋಡಲು ಆಸ್ಪತ್ರೆಗೆ ಬಂದಾಗ, ಆ ಚಳಿಗಾಲದಲ್ಲಿ ಬೇರೆ ಎಲ್ಲೆಲ್ಲಿ ಇದೇ ಕೆಲಸ ಮಾಡಿದ್ದೀಯೆಂದು ಕೇಳಿ, ಅವನೆದುರಿಗೇ ಆರು ಮನೆಗಳಿಗೆ ಫೋನ್ ಮಾಡಿ ಒಲೆ ಹೊತ್ತಿಸಬೇಡಿ ಎಂದು ಹೇಳಿದೆವು. ಎರಡು ಮನೆಗಳಲ್ಲಿ ಏರ್ ಪೈಪಿಗೆ ಕ್ಯಾಪ್ ಇತ್ತು. ಅದೇ ಸಂಜೆ ಆತ ಪೈಪ್ ರೆಂಚ್ ತೆಗೆದುಕೊಂಡು ಹೋಗಿ ಎರಡನ್ನೂ ಬಿಚ್ಚಿ ತಂದ.