ಸೇವೆಯಲ್ಲಿದ್ದುಕೊಂಡೇ ಡಾಕ್ಟರೇಟ್: ಐದು ವರ್ಷ ಓದಿ ಮುಗಿಸಿದವಳ ಅನುಭವ

ಕಳೆದ ತಿಂಗಳು ನನ್ನ ಡಿ.ಮಿನ್. ಮೌಖಿಕ ಪರೀಕ್ಷೆ ಮುಗಿಯಿತು. ಡಾಕ್ಟರ್ ಆಫ್ ಮಿನಿಸ್ಟ್ರಿ ಎಂಬ ಈ ಪದವಿಯ ಬಗ್ಗೆ ಜೊತೆಯ ಸಭಾಪಾಲಕರು ಕೇಳುತ್ತಲೇ ಇದ್ದಾರೆ. ಸೇರಬಹುದೇ, ಹಣ ಎಷ್ಟು ಬೇಕು, ಸಭೆಯ ಕೆಲಸ ಬಿಟ್ಟು ಹೋಗಬೇಕೇ, ಓದಿದ್ದರಿಂದ ಏನಾದರೂ ಬದಲಾಯಿತೇ? ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದೇ ಬಿಡುತ್ತೇನೆ. ನಾನು ಓದಿದ ಕಾಲೇಜು ಬೆಂಗಳೂರಿನಲ್ಲಿದೆ. ಹೆಸರು ಬರೆಯುವುದಿಲ್ಲ. ಮುಂದೆ ಹೇಳಲಿರುವ ದೂರುಗಳನ್ನು ಅಲ್ಲಿನ ಪ್ರಾಂಶುಪಾಲರಿಗೆ ಪತ್ರದಲ್ಲಿ ಬರೆದುಕೊಟ್ಟಿದ್ದೇನೆ. ಅವು ಹೋಗಬೇಕಾದ ಜಾಗ ಅದೇ.

ನಾನು ಉಡುಪಿ ಸೀಮೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಸಭಾಪಾಲಕಿ. ದೀಕ್ಷೆಯಾಗಿ ಹದಿನೇಳು ವರ್ಷಗಳಾದವು. ನಮ್ಮ ಸಭೆಯಲ್ಲಿ 112 ಕುಟುಂಬಗಳಿವೆ, ಅವುಗಳಲ್ಲಿ 38 ಮನೆಗಳಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ. ಮಕ್ಕಳು ದುಬೈ, ಕುವೈತ್, ಮಸ್ಕತ್ತಿನಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಈ ಮನೆಗಳಿಗೆ ಹೋಗಿ ಸತ್ಯವೇದ ಓದಿ, ಪ್ರಾರ್ಥನೆ ಮಾಡಿ, ಕೊಟ್ಟ ಚಹಾ ಕುಡಿದು ಬರುತ್ತಿದ್ದೆ. ಗೇಟು ದಾಟುವಾಗ ಪ್ರತಿಸಲವೂ ಏನೋ ಹೇಳದೆ ಉಳಿಯಿತು ಎನ್ನಿಸುತ್ತಿತ್ತು. ಅದು ಏನೆಂದು ತಿಳಿಯುವ ಹಂಬಲದಿಂದ ನಲವತ್ತೊಂದನೆಯ ವಯಸ್ಸಿನಲ್ಲಿ ಅರ್ಜಿ ಹಾಕಿದೆ.

ಪದವಿಗಳ ವ್ಯತ್ಯಾಸ ಗೊತ್ತಿಲ್ಲದೆ ಸೇರಿ ಕೈಸುಟ್ಟುಕೊಂಡವರನ್ನು ಬಲ್ಲೆ, ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ದೈವಶಾಸ್ತ್ರದಲ್ಲಿ ಪಿಎಚ್.ಡಿ. ಅಥವಾ ಡಿ.ಟಿಎಚ್. (ಡಾಕ್ಟರ್ ಆಫ್ ಥಿಯಾಲಜಿ) ಎಂದರೆ ಪಾಂಡಿತ್ಯದ ದಾರಿ. ಸತ್ಯವೇದದ ಮೂಲಭಾಷೆಗಳು, ವರ್ಷಗಟ್ಟಲೆ ಗ್ರಂಥಾಲಯ, ಕೊನೆಗೆ ಹೆಚ್ಚಿನವರಿಗೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ. ಡಿ.ಮಿನ್. ಸೇವೆಯಲ್ಲಿರುವವರಿಗಾಗಿಯೇ ರೂಪಿಸಿದ ಪದವಿ. ಸಭೆಯೋ ಆಸ್ಪತ್ರೆಯೋ ಹಾಸ್ಟೆಲ್ಲೋ, ನೀವು ದುಡಿಯುವ ಜಾಗವೇ ನಿಮ್ಮ ಸಂಶೋಧನೆಯ ಜಾಗ. ಅದನ್ನು ಬಿಟ್ಟು ಬಂದರೆ ಓದಿಗೆ ವಸ್ತುವೇ ಇರುವುದಿಲ್ಲ. ಇದು ಪಿಎಚ್.ಡಿ.ಯ ಸುಲಭದ ತಮ್ಮ ಎಂದು ಕೆಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕಷ್ಟ ಬೇರೆ ಕಡೆ ಇದೆ, ಅಷ್ಟೇ. ನಿಮ್ಮ ಸ್ವಂತ ಕೆಲಸವನ್ನು ತರಗತಿಯ ಹನ್ನೊಂದು ಜನರ ಮುಂದೆ ಬಿಚ್ಚಿಡಬೇಕು.

ಇನ್ನೊಂದು ಮಾತನ್ನು ಕಟುವಾಗಿಯೇ ಹೇಳಬೇಕು. ತಿಂಗಳೆರಡು ತಿಂಗಳಲ್ಲಿ ಡಾಕ್ಟರೇಟ್ ಕೊಡುತ್ತೇವೆ, ನಿಲುವಂಗಿಯ ಹಣವೂ ಸೇರಿದೆ ಎಂಬ ಸಂದೇಶಗಳು ನಮ್ಮ ಮೊಬೈಲ್‌ಗಳಿಗೆ ಬರುತ್ತಲೇ ಇರುತ್ತವೆ. ಸಭೆಯ ಕಾಣಿಕೆಯ ಹಣದಿಂದ ಬದುಕುವ ನಾವು ಆ ಕಾಗದವನ್ನು ಕೊಂಡು ಹೆಸರಿನ ಮುಂದೆ ಡಾ. ಎಂದು ಬರೆದುಕೊಂಡರೆ ಅದು ಸುಳ್ಳುಸಾಕ್ಷಿ. ಪದವಿ ಕೊಡುವ ಅಧಿಕಾರ ಎಲ್ಲಿಂದ ಬಂತು ಎಂದು ಕೇಳಿ. ಬಂಗಾಳದ ಸೆರಾಂಪೂರ್ ಕಾಲೇಜನ್ನು ವಿಲಿಯಂ ಕೇರಿ, ಮಾರ್ಷ್‌ಮನ್, ವಾರ್ಡ್ ಎಂಬ ಮಿಷನರಿಗಳು 1818ರಲ್ಲಿ ಕಟ್ಟಿದರು. ಆ ಊರು ಆಗ ಡೇನರದ್ದಾಗಿತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ನೀಡುವ ಸನ್ನದು ಕೊಟ್ಟ. 1845ರಲ್ಲಿ ಊರು ಬ್ರಿಟಿಷರ ಕೈಗೆ ಬಂದಾಗಲೂ ಆ ಹಕ್ಕು ಉಳಿಯಿತು, 1918ರ ಕಾಯ್ದೆಯಿಂದ ಗಟ್ಟಿಯಾಯಿತು. ನಮ್ಮಲ್ಲಿ ಬಹುಪಾಲು ಸಭಾಪಾಲಕರ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿ ಬರುವುದು ಅಲ್ಲಿಯ ಸೆನೆಟ್ ಎಂಬ ಮಂಡಳಿಯಿಂದ. ಏಷ್ಯಾ ಥಿಯಲಾಜಿಕಲ್ ಅಸೋಸಿಯೇಷನ್ನಿನ ಮಾನ್ಯತೆ ಪಡೆದ ಕಾಲೇಜುಗಳೂ ಇವೆ. ಯಾವುದೇ ಆಗಲಿ, ಮಾನ್ಯತೆಯ ಪತ್ರವನ್ನು ಕಣ್ಣಾರೆ ಕಂಡ ಮೇಲೆ ಹಣ ಕಟ್ಟಿ.

ನಮ್ಮ ತರಗತಿಗಳು ವರ್ಷಕ್ಕೆ ಎರಡು ಬಾರಿ, ಒಂದೊಂದು ಸಲ ಎರಡು ವಾರ. ಭಾನುವಾರದ ಆರಾಧನೆ, ಸಂಜೆಯ ಒಂದು ಮನೆಪ್ರಾರ್ಥನೆ ಮುಗಿಸಿ ಸೋಮವಾರ ಉಡುಪಿಯಲ್ಲಿ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನಾನಿಲ್ಲದ ಎರಡು ಭಾನುವಾರಗಳನ್ನು ನಿವೃತ್ತ ಅಯ್ಯನವರೊಬ್ಬರು ಒಂದು ಪೈಸೆ ತೆಗೆದುಕೊಳ್ಳದೆ ನಡೆಸಿಕೊಟ್ಟರು. ಅವರಿಲ್ಲದಿದ್ದರೆ ಈ ಓದು ಮೊದಲ ವರ್ಷವೇ ನಿಂತುಹೋಗುತ್ತಿತ್ತು. ಸೇರುವ ಮೊದಲು ನಿಮ್ಮ ಜಾಗದಲ್ಲಿ ನಿಲ್ಲುವವರು ಯಾರು ಎಂದು ನೋಡಿಕೊಳ್ಳಿ. ಹಣದ ಚಿಂತೆ ಆಮೇಲಿನದು.

ಈ ಓದಿನಲ್ಲಿ ಅತ್ಯುತ್ತಮವಾದದ್ದು ಸಂಭಾಷಣೆಯ ವರದಿ. ಒಂದು ಭೇಟಿಯಲ್ಲಿ ನಾವು ಏನು ಹೇಳಿದೆವು, ಅವರು ಏನು ಹೇಳಿದರು, ಎಲ್ಲಿ ಸುಮ್ಮನಾದೆವು ಎಂಬುದನ್ನು ಮಾತು ಮಾತಿಗೆ ನೆನಪಿನಿಂದ ಬರೆದು, ಹೆಸರು ಮರೆಸಿ, ಗುಂಪಿನ ಮುಂದೆ ಓದಬೇಕು. ನಾನು ಬರೆದದ್ದು ಎಂಬತ್ತೊಂದು ವರ್ಷದ ತಾಯಿಯೊಬ್ಬರ ಮನೆಯ ಭೇಟಿ. ಅವರ ತಂದೆ ಮಲ್ಪೆಯಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮೇಜಿನ ಮೇಲೆ ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಮೊಬೈಲ್, ಪಕ್ಕದಲ್ಲಿ ಒಂದು ಕಪ್ಪು ಕನ್ನಡಕ, ಕುವೈತ್‌ನಿಂದ ಮಗ ವಿಡಿಯೋ ಕರೆಯಲ್ಲಿ. ಅಮ್ಮನ ಜೊತೆ ಪ್ರಾರ್ಥನೆಗೆ ಕೂರುವುದೆಂದರೆ ಅವನಿಗೆ ಅಷ್ಟು ಇಷ್ಟ. ನಾನು 71ನೆಯ ಕೀರ್ತನೆ ತೆರೆದೆ. ವೃದ್ಧಾಪ್ಯದಲ್ಲಿ ನನ್ನನ್ನು ತಳ್ಳಿಬಿಡಬೇಡ ಎಂಬ ಮಾತು ಬರುತ್ತಿದ್ದಂತೆ ಆ ತಾಯಿ ಕೈಯೆತ್ತಿ ತಡೆದರು. ಮೊಬೈಲನ್ನು ಬೋರಲು ಹಾಕಿ ಮೆಲ್ಲಗೆ ಹೇಳಿದರು: ‘ಅದನ್ನು ಓದಬೇಡಿ ಪಾಸ್ಟರಮ್ಮ. ಅವನಿಗೆ ಕೇಳಿಸಿದರೆ ನೊಂದುಕೊಳ್ಳುತ್ತಾನೆ. ಅವನು ನನ್ನನ್ನು ತಳ್ಳಿಬಿಟ್ಟಿಲ್ಲ, ದುಡಿಯಲು ಹೋಗಿದ್ದಾನೆ.’ ಕೆನ್ನೆಯನ್ನು ಸೆರಗಿನಿಂದ ಒರೆಸಿಕೊಂಡರು. ನನಗೆ ಮಾತು ಹೊರಡಲಿಲ್ಲ. ಕೊನೆಗೆ ‘ಪ್ರಾರ್ಥಿಸೋಣ’ ಎಂದು ಕಣ್ಣು ಮುಚ್ಚಿದೆ.

ಇದನ್ನು ಓದಿ ಮುಗಿಸಿದಾಗ ತರಗತಿಯಲ್ಲಿ ಮಿಜೋರಾಮಿನ ಸಭಾಪಾಲಕರೊಬ್ಬರು ಕೇಳಿದರು: ‘ಆ ಹೊತ್ತಿನಲ್ಲಿ ನೀವು ಪ್ರಾರ್ಥಿಸಿದ್ದು ಯಾರಿಗೋಸ್ಕರ, ಅಕ್ಕ?’ ಅವರ ದನಿಯಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ. ಆದರೆ ನನಗೆ ಉತ್ತರ ತಿಳಿದಿತ್ತು. ನನಗೋಸ್ಕರವೇ, ಆ ಮೌನದಿಂದ ತಪ್ಪಿಸಿಕೊಳ್ಳಲು. ಹದಿನೇಳು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಮಾಡಿದೆನೋ. ಆ ರಾತ್ರಿ ಹಾಸ್ಟೆಲ್ಲಿನಲ್ಲಿ ನಿದ್ದೆ ಬರಲಿಲ್ಲ. ನಾನು ಕಟ್ಟಿದ ಅಷ್ಟೂ ಹಣಕ್ಕೆ ಆ ಒಂದು ಪ್ರಶ್ನೆಯೇ ಸಾಕಾಯಿತು ಎಂದು ಇಂದಿಗೂ ಹೇಳುತ್ತೇನೆ.

ಮುಂದಿನ ಅವಧಿಯಲ್ಲಿ ಹಳೆಯ ಒಡಂಬಡಿಕೆಯ ಅಧ್ಯಾಪಕಿ ನನ್ನನ್ನು ಅದೇ ವಚನಕ್ಕೆ ಮರಳಿ ಕಳುಹಿಸಿದರು. ಅಲ್ಲಿರುವ ಹೀಬ್ರೂ ಕ್ರಿಯಾಪದದ ಅರ್ಥ ಎಸೆಯುವುದು, ಬಿಸಾಡುವುದು. ಯೋಸೇಫನನ್ನು ಅಣ್ಣಂದಿರು ಗುಂಡಿಗೆ ಹಾಕಿದ್ದಕ್ಕೂ ಆದಿಕಾಂಡ 37ರಲ್ಲಿ ಅದೇ ಪದ. ಅದು ಅಷ್ಟು ಒರಟು ಮಾತು ಎಂಬುದು ಹೀಬ್ರೂ ಅರಿಯದ ಆ ತಾಯಿಗೆ ಗೊತ್ತಾಗಿತ್ತು, ಬಿ.ಡಿ.ಯಲ್ಲಿ ಹೀಬ್ರೂ ಓದಿದ ನನಗೆ ಗೊತ್ತಾಗಿರಲಿಲ್ಲ. ಆದರೆ ಅದೇ ಪದ ಆದಿಕಾಂಡ 21ರಲ್ಲೂ ಇದೆ. ಅಬ್ರಹಾಮನ ಮನೆಯಿಂದ ಹೊರಬಿದ್ದ ದಾಸಿ ಹಾಗರಳು, ನೀರು ಮುಗಿದಾಗ, ಮಗನನ್ನು ಗಿಡದ ಕೆಳಗೆ ಹಾಕಿ, ಅವನು ಸಾಯುವುದನ್ನು ನೋಡಲಾರೆನೆಂದು ದೂರ ಹೋಗಿ ಕೂರುತ್ತಾಳಲ್ಲ, ಅಲ್ಲಿ. ಪ್ರೀತಿಯಿಲ್ಲದೆ ದೂರ ಮಾಡುವುದಕ್ಕೂ, ಪ್ರೀತಿಯಿದ್ದೂ ದೂರವಾಗಬೇಕಾಗಿ ಬಂದದ್ದಕ್ಕೂ ಒಂದೇ ಕ್ರಿಯಾಪದ. ಜೊತೆಗೆ, ಆ ಕೀರ್ತನೆಯ ಮೊರೆ ಇರುವುದು ದೇವರ ಕಡೆಗೆ, ಮಕ್ಕಳ ಮೇಲೆ ಅದರಲ್ಲಿ ದೂರೇ ಇಲ್ಲ. ನನ್ನ ಪ್ರಬಂಧ ಹುಟ್ಟಿದ್ದು ಇಲ್ಲಿಂದ: ಮಕ್ಕಳನ್ನು ತಪ್ಪಿತಸ್ಥರನ್ನಾಗಿ ಮಾಡದೆ ವೃದ್ಧರು ದೇವರ ಮುಂದೆ ಗೋಳಾಡಲು ಸಭೆ ಹೇಗೆ ಜಾಗ ಮಾಡಿಕೊಡಬಹುದು?

ಇನ್ನು ದೂರುಗಳು. ಮೂರನೆಯ ವರ್ಷದ ನಡುವೆ ನನ್ನ ಮಾರ್ಗದರ್ಶಕರು ಬೇರೆ ಕಡೆ ಹೋದರು. ಹೊಸಬರು ಸಿಗಲು ಆರು ತಿಂಗಳು. ಅವರಿಗೆ ಕಳುಹಿಸಿದ ಎರಡನೆಯ ಅಧ್ಯಾಯ ನಾಲ್ಕು ತಿಂಗಳ ನಂತರ ಮರಳಿತು, ಅಂಚಿನಲ್ಲಿ ಇದ್ದದ್ದು ಅಲ್ಪವಿರಾಮಗಳ ತಿದ್ದುಪಡಿ ಮಾತ್ರ. ರಾತ್ರಿ ಹತ್ತಕ್ಕೆ ಮನೆಯವರೆಲ್ಲ ಮಲಗಿದ ಮೇಲೆ ಬರೆಯಲು ಕೂರುವವರಿಗೆ ನಾಲ್ಕು ತಿಂಗಳ ಮೌನ ಎಂದರೆ ಬರವಣಿಗೆಯ ಎಳೆ ಪೂರ್ತಿ ಕಡಿದುಹೋದಂತೆ. ಇದು ಅನ್ಯಾಯ. ಸೇವೆಯಲ್ಲಿರುವವರಿಗಾಗಿ ನಡೆಸುವ ಓದಿನಲ್ಲಿ ಅಧ್ಯಾಯ ಎಷ್ಟು ದಿನದೊಳಗೆ ಮರಳಬೇಕು ಎಂಬುದು ಲಿಖಿತ ನಿಯಮವಾಗಿರಬೇಕು. ಪ್ರವೇಶಕ್ಕೆ ಮುಂಚೆ ಇದನ್ನು ಕೇಳಿ ಬರೆಸಿಕೊಳ್ಳಿ.

ಪುಸ್ತಕಗಳ ವಿಷಯದಲ್ಲಿ ಊರಿನ ಹತ್ತಿರವೇ ದೊಡ್ಡ ನಿಧಿ ಇತ್ತು. ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಬಾಸೆಲ್ ಮಿಷನ್ನಿನ ಹಳೆಯ ಕಾಗದಪತ್ರ, ಕನ್ನಡ ಪುಸ್ತಕಗಳಿವೆ. ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿಟ್ಟಿರುವ, ಅದೇ ಮಿಷನ್ನಿನ ಮಿಷನರಿ ಗುಂಡರ್ಟ್ ಹೆಸರಿನ ಸಂಗ್ರಹದಲ್ಲಿ ಮಲಯಾಳಂ ಹೆಚ್ಚು, ಆದರೆ ಕನ್ನಡ, ತುಳು ಪುಸ್ತಕಗಳೂ ಇವೆ. ಇವುಗಳನ್ನು ಓದುತ್ತಾ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನು 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ದುಡಿಮೆ, ಮನೆ, ಶಾಲೆ, ದೇವಾಲಯ ಎಲ್ಲವೂ ಕೂಗಿದರೆ ಕೇಳುವಷ್ಟು ಹತ್ತಿರ. ಮನೆಭೇಟಿಯ ನಮ್ಮ ರೂಢಿ ಬೆಳೆದದ್ದು ಆ ಅಂಗಳದಲ್ಲಿ. ಮಕ್ಕಳು ಸಮುದ್ರದಾಚೆ ಹೋದ ಮೇಲೂ ನಾವು ಅದೇ ಅಂಗಳದ ಲೆಕ್ಕದಲ್ಲಿ ಭೇಟಿ ಮಾಡುತ್ತಿದ್ದೇವೆ.

ನನ್ನ ದೊಡ್ಡ ದೂರು ಭಾಷೆಯದು. ಪ್ರಬಂಧ ಇಂಗ್ಲಿಷ್‌ನಲ್ಲೇ ಇರಬೇಕಿತ್ತು. ಅದಕ್ಕಾಗಿ ನನ್ನೊಂದಿಗೆ ಮಾತಾಡುವ ವೃದ್ಧರು ಸಹಿ ಹಾಕಬೇಕಾದ ಒಪ್ಪಿಗೆ ಪತ್ರವೂ ಇಂಗ್ಲಿಷ್‌ನಲ್ಲಿ ಬಂತು. ಓದಲಾರದವರಿಂದ ಅದಕ್ಕೆ ಸಹಿ ಹಾಕಿಸಲು ಮನಸ್ಸಾಗದೆ ನಾನೇ ಕನ್ನಡಕ್ಕೆ ತಂದೆ. 27 ಜನರೊಂದಿಗೆ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿದೆ. ಅವರಲ್ಲಿ ಒಬ್ಬರೂ ಒಂಟಿತನ ಎಂಬ ಪದ ಬಳಸಲಿಲ್ಲ. ‘ಮನೆ ಬಿಕೋ ಎನ್ನುತ್ತದೆ’ ಎಂದರು ಒಬ್ಬರು. ‘ಸಂಜೆ ದೀಪ ಹಾಕಲು ಮನಸ್ಸಿಲ್ಲ’ ಎಂದರು ಇನ್ನೊಬ್ಬರು. ‘ಒಬ್ಬಳಿಗೆ ಎಷ್ಟು ಅಕ್ಕಿ ಹಾಕುವುದು, ಗಂಜಿ ದಿನಾ ಉಳಿಯುತ್ತದೆ’ ಎಂದರು ಮತ್ತೊಬ್ಬರು. ಇಂಗ್ಲಿಷ್ ಪ್ರಬಂಧದಲ್ಲಿ ಇವೆಲ್ಲ ಲೋನ್ಲಿನೆಸ್ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಹೋಗಿ ಕುಳಿತವು. ನನಗೆ ಅದು ಕಳ್ಳತನ ಮಾಡಿದಂತೆ ಅನ್ನಿಸಿತು. ನಮ್ಮ ಕರಾವಳಿಯ ಸಭೆಗಳಲ್ಲಿ ಕಿಟೆಲ್ ಹೆಸರು ಕೇಳದವರಿಲ್ಲ. ಮಿಷನರಿಯಾಗಿ ಬಂದು ಮಾಡಿದ ಕನ್ನಡದ ಕೆಲಸಕ್ಕೆ, 1894ರಲ್ಲಿ ಹೊರಬಂದ ಆ ನಿಘಂಟಿಗೆ, ಟ್ಯೂಬಿಂಗನ್ 1896ರಲ್ಲಿ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಆಗ ಅವರಿಗೆ ಅರವತ್ತನಾಲ್ಕು ವರ್ಷ. ಕನ್ನಡದಲ್ಲಿ ದುಡಿದದ್ದಕ್ಕೆ ಜರ್ಮನಿ ಮನ್ನಣೆ ಕೊಡಬಹುದಾದರೆ, ಕರ್ನಾಟಕದ ಸಭೆಯ ಬಗ್ಗೆ ಕನ್ನಡದಲ್ಲಿ ಬರೆದ ಪ್ರಬಂಧವನ್ನು ಕರ್ನಾಟಕದಲ್ಲಿರುವ ಕಾಲೇಜು ಓದಬಾರದೇ?

ಖರ್ಚಿನ ವಿಷಯಕ್ಕೆ ಬರುತ್ತೇನೆ. ಐದು ವರ್ಷಗಳಲ್ಲಿ ಶುಲ್ಕ, ಹಾಸ್ಟೆಲ್, ಪ್ರಯಾಣ, ಬೈಂಡಿಂಗ್ ಎಲ್ಲ ಸೇರಿ ನನಗೆ ಸುಮಾರು 2,60,000 ರೂಪಾಯಿ ಆಯಿತು. ಅರ್ಧದಷ್ಟು ವಿದ್ಯಾರ್ಥಿವೇತನ ಸಿಕ್ಕಿತು, ಉಳಿದದ್ದು ನನ್ನ ಯಜಮಾನರ ಶಿಕ್ಷಕ ಸಂಬಳದಿಂದ. ವಾರಕ್ಕೆ ಹತ್ತು ಗಂಟೆ ಓದಿಗೆ ಎತ್ತಿಡಲಾಗದವರು ಸೇರಬೇಡಿ. ಬಡ್ತಿಗೋ ಬೇರೆ ಸ್ಥಾನಕ್ಕೋ ಇದು ಏಣಿ ಎಂದುಕೊಂಡವರೂ ಸೇರಬೇಡಿ. ನನ್ನ ಸಂಬಳದಲ್ಲಿ ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ನಿಮ್ಮ ಸೇವೆಯಲ್ಲಿ ಉತ್ತರ ಸಿಗದೆ ಕಾಡುವ ಒಂದು ಪ್ರಶ್ನೆ ಇದ್ದರೆ ಮಾತ್ರ ಧೈರ್ಯವಾಗಿ ಸೇರಿ. ಕೊರತೆಗಳಿದ್ದರೂ ನಾನು ಮತ್ತೆ ಇದೇ ಓದನ್ನು ಆರಿಸಿಕೊಳ್ಳುತ್ತೇನೆ.

ಮೌಖಿಕ ಪರೀಕ್ಷೆಯಾದ ವಾರ, ಪ್ರಬಂಧದ ಸಾರವನ್ನು ಕನ್ನಡದಲ್ಲಿ ನಲವತ್ತು ಪುಟಗಳಷ್ಟು ಬರೆದು, ಮಾತಾಡಿದವರ ಮನೆಗಳಿಗೇ ಹೋಗಿ ಓದಿ ಹೇಳಲು ಶುರುಮಾಡಿದೆ. ಮೊದಲು ಹೋದದ್ದು ಆ ತಾಯಿಯ ಮನೆಗೆ. ಹೆಸರಿಲ್ಲದಿದ್ದರೂ ತನ್ನ ಕಥೆ ಯಾವುದೆಂದು ಅವರಿಗೆ ಕೂಡಲೇ ತಿಳಿಯಿತು. ಪೂರ್ತಿ ಕೇಳಿದರು. ಕೀರ್ತನೆಯ ಭಾಗ ಬಂದಾಗ ‘ಹಾಗಾದರೆ ದೇವರನ್ನು ಬೈಯಬಹುದು’ ಎಂದರು. ಆಮೇಲೆ ಒಂದು ಸಾಲನ್ನು ಮತ್ತೆ ಓದಿಸಿದರು.

‘ಅತ್ತರು ಎಂದು ಬರೆದಿದ್ದೀರಿ. ಅವತ್ತು ನಾನು ಅಳಲಿಲ್ಲ ಪಾಸ್ಟರಮ್ಮ. ಪೊರೆಯ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು. ಮಗ ಗಾಬರಿಯಾಗುತ್ತಾನೆಂದು ಯಾರಿಗೂ ಹೇಳಿರಲಿಲ್ಲ.’

ಕಪ್ಪು ಕನ್ನಡಕ ಮೇಜಿನ ಮೇಲಿತ್ತು ಎಂದು ಬರೆದವಳೂ ನಾನೇ. ಪೆನ್ನು ತೆಗೆದು ಆ ಸಾಲನ್ನು ಅವರ ಮುಂದೆಯೇ ಹೊಡೆದುಹಾಕಿದೆ. ಬೈಂಡ್ ಆಗಿ ಕಾಲೇಜಿನ ಕಪಾಟು ಸೇರಿರುವ ಇಂಗ್ಲಿಷ್ ಪ್ರತಿಯ 88ನೆಯ ಪುಟದಲ್ಲಿ ಅವರು ಇನ್ನೂ ಅಳುತ್ತಿದ್ದಾರೆ.