ಎರಡು ಸರ್ಕಾರಿ ವಿ.ವಿ.ಗಳಲ್ಲಿ ಸೀಟು ಸಿಕ್ಕಿದೆಯಾ? ರ‍್ಯಾಂಕ್ ನೋಡಿ ಸೇರುವ ಮುಂಚೆ ಇದನ್ನು ಓದಿ

ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಕ್ಕಿ, ಯಾವುದಕ್ಕೆ ಸೇರಲಿ ಅಂತ ತಲೆ ಕೆಡಿಸಿಕೊಂಡು ಕೂತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ವಿಜ್ಞಾನದಲ್ಲಿ ಎಂಎಸ್ಸಿ ಮಾಡಬೇಕು ಅಂದುಕೊಂಡವರು ದಯವಿಟ್ಟು ಕೊನೆಯವರೆಗೂ ಓದಿ.

ಎರಡೂ ಸರ್ಕಾರಿ ಆಗಿದ್ದರೆ ಫೀಸಿನಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಡಿಗ್ರಿಗೆ ಎರಡು ಕಡೆಯೂ ಮಾನ್ಯತೆ ಇರುತ್ತದೆ. ಸಿಲಬಸ್ ಕೂಡ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತದೆ. ಆಗ ಎಲ್ಲರ ಕಣ್ಣೂ ರ‍್ಯಾಂಕ್ ಪಟ್ಟಿಯ ಮೇಲೆ ಹೋಗುತ್ತದೆ. ಮನೆಯಲ್ಲೂ ಅದನ್ನೇ ಕೇಳುತ್ತಾರೆ, ಕಾಲೇಜಿನ ಮೇಷ್ಟ್ರುಗಳೂ "ಹೆಸರಿರೋ ಕಡೆ ಹೋಗಪ್ಪ" ಅಂತಲೇ ಹೇಳುತ್ತಾರೆ. ನಾನೂ ಹಾಗೇ ಹೆಸರಿರುವ ಕಡೆ ಸೇರಿದೆ. ಕೆಮಿಸ್ಟ್ರಿ, ಅದರಲ್ಲಿ ಆರ್ಗ್ಯಾನಿಕ್. ಕೈಪಿಡಿಯಲ್ಲಿ ಏನೇನು ಇದೆ ಅಂತ ಬರೆದಿದ್ದರೋ ಅದರಲ್ಲಿ ಅರ್ಧ ಅಲ್ಲಿ ಇರಲೇ ಇಲ್ಲ. ವಿ.ವಿ.ಯ ಹೆಸರು ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವ ತೊಂದರೆ ಯಾವ ದೊಡ್ಡ ಹೆಸರಿನ ಹಿಂದೆ ಬೇಕಾದರೂ ಇರಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೇರುವ ಮುಂಚೆ ನಾನು ವಿಚಾರಿಸಿದ್ದೆ. ಯಾವ ಎಲೆಕ್ಟಿವ್‌ಗಳು ನಡೆಯುತ್ತವೆ, ಎನ್‌ಎಂಆರ್ ಯಂತ್ರ (ಅಣುವಿನ ರಚನೆ ತೋರಿಸುವ ಉಪಕರಣ) ಎಂಎಸ್ಸಿಯವರಿಗೆ ಸಿಗುತ್ತದಾ ಅಂತ ಮೇಲ್ ಹಾಕಿದ್ದೆ. "ಕೈಪಿಡಿಯಲ್ಲಿ ನಮೂದಿಸಿರುವ ಎಲ್ಲ ಸೌಲಭ್ಯಗಳೂ ವಿದ್ಯಾರ್ಥಿಗಳಿಗೆ ಲಭ್ಯವಿವೆ" ಎಂದು ಒಂದೇ ಸಾಲಿನ ಉತ್ತರ ಬಂತು. ಅದು ಪ್ರವೇಶಾತಿ ವಿಭಾಗದ ಉತ್ತರ. ಡಿಪಾರ್ಟ್‌ಮೆಂಟಿನಲ್ಲಿ ಏನು ನಡೆಯುತ್ತಿದೆ ಎನ್ನುವುದು ಆ ಕಚೇರಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಬದಲು ಇದೆ ಅಂತ ಹೇಳಿಬಿಟ್ಟರು. ಇಂಥ ಉತ್ತರವನ್ನು ನಂಬಿ ಮಕ್ಕಳು ಎರಡು ವರ್ಷ ಕಳೆಯುತ್ತಾರೆ ಅಂತ ಬರೆಯುವವರಿಗೆ ಅನಿಸಬೇಕಿತ್ತು.

ಮೊದಲು ಎಲೆಕ್ಟಿವ್ ವಿಷಯ. ಕೈಪಿಡಿಯಲ್ಲಿ ಪುಟ ತುಂಬಾ ಐಚ್ಛಿಕ ಪೇಪರುಗಳಿದ್ದವು. ಔಷಧ ರಸಾಯನಶಾಸ್ತ್ರ, ಪಾಲಿಮರ್, ಕಂಪ್ಯೂಟೇಷನಲ್ ಕೆಮಿಸ್ಟ್ರಿ, ಎಲ್ಲ. ಮೂರನೇ ಸೆಮಿಸ್ಟರ್‌ನ ಟೈಮ್‌ಟೇಬಲ್ ನೋಟಿಸ್ ಬೋರ್ಡಿಗೆ ಅಂಟಿಸಿದಾಗ ಅದರಲ್ಲಿ ಇದ್ದದ್ದು ಎರಡೇ. ಅವೆರಡರಲ್ಲಿ ಒಂದನ್ನು ತೆಗೆದುಕೊಳ್ಳಿ ಅಂದರು. ಉಳಿದವು ಎಲ್ಲಿ ಅಂತ ಆಫೀಸಿನಲ್ಲಿ ಕೇಳಿದರೆ ಕೈಪಿಡಿಯ ಕೊನೆಯ ಪುಟ ತೆಗೆದು ತೋರಿಸಿದರು. "ಸಾಕಷ್ಟು ವಿದ್ಯಾರ್ಥಿಗಳು ಮತ್ತು ಬೋಧಕರು ಲಭ್ಯವಿದ್ದಲ್ಲಿ ಮಾತ್ರ" ಎಂದು ಸಣ್ಣ ಅಕ್ಷರದಲ್ಲಿ ಅಲ್ಲಿ ಬರೆದಿತ್ತು. ಔಷಧ ರಸಾಯನಶಾಸ್ತ್ರ ಹೇಳುತ್ತಿದ್ದ ಪ್ರೊಫೆಸರ್ ನಿವೃತ್ತರಾಗಿದ್ದರು. ಆ ಹುದ್ದೆ ತುಂಬಿರಲಿಲ್ಲ. ವೆಬ್‌ಸೈಟಿನಲ್ಲಿ ಮಾತ್ರ ಅವರ ಫೋಟೋ, ಪ್ರಕಟಣೆಗಳು ಹಾಗೇ ಇದ್ದವು. ಅವರ ಕೋಣೆಯಲ್ಲಿ ಹಳೇ ಉತ್ತರ ಪತ್ರಿಕೆಗಳ ಗಂಟು ತುಂಬಿಟ್ಟಿದ್ದರು.

ಪಾಠ ಹೆಚ್ಚಾಗಿ ಅತಿಥಿ ಉಪನ್ಯಾಸಕರದ್ದು. ಅವರನ್ನು ದೂರುತ್ತಿಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ನನಗೆ ಸ್ಪೆಕ್ಟ್ರೋಸ್ಕೋಪಿ ಹೇಳಿದ ಮೇಡಂ ಅಷ್ಟು ಚೆನ್ನಾಗಿ ಪಾಠ ಮಾಡುತ್ತಿದ್ದರು, ಇವತ್ತಿಗೂ ಒಂದು ಸ್ಪೆಕ್ಟ್ರಮ್ (ಇಂಥ ಯಂತ್ರ ಬಿಡಿಸಿಕೊಡುವ ಗ್ರಾಫ್) ಕೈಗೆ ಬಂದರೆ ಅವರು ಹೇಳಿಕೊಟ್ಟ ಕ್ರಮದಲ್ಲೇ ಓದುತ್ತೇನೆ. ಆದರೆ ತೆಗೆದುಕೊಂಡ ತರಗತಿಗೆ ಮಾತ್ರ ಸಂಬಳ, ರಜೆಯಲ್ಲಿ ಏನೂ ಇಲ್ಲ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಬೇರೆ ಕಡೆ ಖಾಯಂ ಕೆಲಸ ಸಿಕ್ಕಿತು, ಸೆಮಿಸ್ಟರ್ ಮಧ್ಯದಲ್ಲೇ ಹೋದರು. ಹೋಗದೆ ಏನು ಮಾಡುತ್ತಾರೆ? ಉಳಿದ ಸಿಲಬಸ್ಸನ್ನು ನಾವು ಸೀನಿಯರ್‌ಗಳ ಜೆರಾಕ್ಸ್ ನೋಟ್ಸ್‌ನಲ್ಲಿ ಓದಿಕೊಂಡೆವು.

ಇನ್ನು ಎನ್‌ಎಂಆರ್. ಕೆಮಿಸ್ಟ್ರಿಯವರಲ್ಲದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಲ್ಯಾಬಿನಲ್ಲಿ ಒಂದು ಸಂಯುಕ್ತ ತಯಾರು ಮಾಡಿದರೆ, ಬಂದದ್ದು ನಿಮಗೆ ಬೇಕಾದದ್ದೇನಾ ಅಂತ ತಿಳಿಯಬೇಕಲ್ವಾ. ಆ ಅಣುವಿನಲ್ಲಿ ಯಾವ ಹೈಡ್ರೋಜನ್ ಯಾವುದರ ಪಕ್ಕ ಇದೆ ಎಂದು ತೋರಿಸಿಕೊಡುವುದು ಈ ಯಂತ್ರ. ಒಳಗೆ ಒಂದು ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇರುತ್ತದೆ. ಅದರ ಸುರುಳಿ ಸದಾ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್. ಅದರ ಸುತ್ತ ದ್ರವ ನೈಟ್ರೋಜನ್, ಮೈನಸ್ 196 ಡಿಗ್ರಿ. ಯಂತ್ರ ಬಳಸಿದರೂ ಬಳಸದಿದ್ದರೂ ಇವು ಆವಿಯಾಗುತ್ತಲೇ ಇರುತ್ತವೆ. ನೈಟ್ರೋಜನ್ನನ್ನು ವಾರಕ್ಕೋ ಎರಡು ವಾರಕ್ಕೋ ತುಂಬಬೇಕು, ಹೀಲಿಯಂ ಅನ್ನು ಕೆಲವು ತಿಂಗಳಿಗೊಮ್ಮೆ. ತುಂಬದೆ ಬಿಟ್ಟರೆ ಸುರುಳಿ ಬಿಸಿಯಾಗಿ ಒಳಗಿದ್ದ ಹೀಲಿಯಂ ಒಮ್ಮೆಲೇ ಆವಿಯಾಗಿ ಹೊರಗೆ ಹೋಗುತ್ತದೆ. ಇದಕ್ಕೆ ಕ್ವೆಂಚ್ ಅನ್ನುತ್ತಾರೆ. ಮತ್ತೆ ಅದನ್ನು ಎಬ್ಬಿಸಲು ಕಂಪನಿಯವರೇ ಬರಬೇಕು, ದುಬಾರಿ ಖರ್ಚು.

ನಾನು ಸೇರಿದ ಕಡೆ ಆಗಿದ್ದು ಇದೇ. ಯಂತ್ರ ಕೊಳ್ಳಲು ಪ್ರಾಜೆಕ್ಟಿನ ಹಣ ಬಂದಿತ್ತು, ಪ್ರತಿ ವರ್ಷ ಹೀಲಿಯಂ ತುಂಬಿಸಲು ಹಣ ಇರಲಿಲ್ಲ. ಯಂತ್ರದ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಪಕ್ಕದ ಮೇಜಿನ ಮೇಲೆ ಲಾಗ್ ಬುಕ್ ಇತ್ತು. ಪ್ರತಿ ಸಲ ಯಾರು, ಯಾವ ಸ್ಯಾಂಪಲ್, ಎಷ್ಟು ಹೊತ್ತು ಅಂತ ಅದರಲ್ಲಿ ಬರೆಯುತ್ತಾರೆ. ಮೊದಮೊದಲ ಪುಟಗಳಲ್ಲಿ ದಿನಕ್ಕೆ ಹತ್ತಾರು ಸಾಲು. ಬರುಬರುತ್ತಾ ವಾರಕ್ಕೊಂದು. ಕೊನೆಯ ಸಾಲು ನಾನು ಆ ವಿ.ವಿ.ಗೆ ಅರ್ಜಿ ಹಾಕುವುದಕ್ಕಿಂತ ಮುಂಚಿನದು. ಅಂದರೆ ನನಗೆ "ಲಭ್ಯವಿದೆ" ಎಂದು ಉತ್ತರ ಬಂದಾಗಲೇ ಆ ಯಂತ್ರ ನಿಂತಿತ್ತು. ನಮ್ಮ ಪ್ರಾಜೆಕ್ಟಿನ ಸ್ಯಾಂಪಲ್‌ಗಳು ಬೇರೆ ಸಂಸ್ಥೆಗೆ ಹೋಗಿ ಸರದಿಯಲ್ಲಿ ಕಾಯುತ್ತಿದ್ದವು. ಸ್ಪೆಕ್ಟ್ರಮ್ ವಾಪಸ್ ಬರುವಷ್ಟರಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ದಿನ ಬಂದಿರುತ್ತಿತ್ತು. ನಾನು ಒಂದು ಸಲವೂ ನನ್ನ ಕೈಯಾರೆ ಎನ್‌ಎಂಆರ್‌ನಲ್ಲಿ ಸ್ಯಾಂಪಲ್ ಹಾಕದೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಎಂಎಸ್ಸಿ ಮುಗಿಸಿದೆ.

ಇವೆಲ್ಲದಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ರಿಸಲ್ಟ್. ನನಗೆ ಹೊರಗಡೆ ಒಂದು ಪಿಎಚ್‌ಡಿ ಜಾಗ ಸಿಕ್ಕಿತ್ತು. ನಿಗದಿತ ದಿನದೊಳಗೆ ಕೊನೆಯ ಸೆಮಿಸ್ಟರ್‌ನ ಅಂಕಪಟ್ಟಿ ಕೊಡಬೇಕು ಅನ್ನುವ ಷರತ್ತು ಇತ್ತು. ಮೌಲ್ಯಮಾಪನ ಮುಗಿದಿರಲಿಲ್ಲ. ಪರೀಕ್ಷಾ ವಿಭಾಗದಲ್ಲಿ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳಿಸಿದರು. "ರಿಸಲ್ಟ್ ಬಾಕಿ ಇದೆ" ಅಂತ ಒಂದು ಪತ್ರವಾದರೂ ಕೊಡಿ ಅಂದರೆ ಅದಕ್ಕೂ ಮೇಲಿನವರ ಸಹಿ ಬೇಕು, ಅವರು ರಜೆಯಲ್ಲಿದ್ದಾರೆ. ಆ ಜಾಗ ಹೋಯಿತು. ಮುಂದಿನ ವರ್ಷ ಮತ್ತೆ ಎಲ್ಲ ಕಡೆ ಅರ್ಜಿ ಹಾಕಬೇಕಾಯಿತು.

ಅದೇ ವರ್ಷ ನನ್ನ ಡಿಗ್ರಿ ಗೆಳತಿಯೊಬ್ಬಳು ನಾನು ಬಿಟ್ಟ ಆ ಇನ್ನೊಂದು ವಿ.ವಿ.ಗೆ ಸೇರಿದ್ದಳು. ಪಟ್ಟಿಯಲ್ಲಿ ತುಂಬಾ ಕೆಳಗಿರುವುದು. ಅಲ್ಲಿ ಎಲೆಕ್ಟಿವ್ ಕಡಿಮೆ, ಆದರೆ ಬರೆದಷ್ಟೂ ನಡೆಯುತ್ತಿದ್ದವು. ಎಂಎಸ್ಸಿಯವರಿಗೆ ಅಂತಲೇ ಯಂತ್ರದ ಸಮಯ ಬಿಟ್ಟಿದ್ದರು. ರಿಸಲ್ಟ್ ಹೇಳಿದ ತಿಂಗಳಲ್ಲಿ ಬಂತು. ಹಾಗಂತ ಚಿಕ್ಕದೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ಅಲ್ಲಿನ ಲೈಬ್ರರಿ ತೀರಾ ಬಡವಾಗಿತ್ತು, ಬೇಕಾದ ಜರ್ನಲ್ ಸಿಗದೆ ಅವಳು ನನ್ನ ಹತ್ತಿರ ಪೇಪರ್ ಕೇಳುತ್ತಿದ್ದಳು. ನಾನು ಹೇಳುವುದಿಷ್ಟೇ, ಈ ವ್ಯತ್ಯಾಸ ಯಾವುದೂ ರ‍್ಯಾಂಕ್ ಪಟ್ಟಿಯಲ್ಲಿ ಕಾಣುವಂಥದ್ದಲ್ಲ.

ಏಕೆ ಕಾಣುವುದಿಲ್ಲ ಅಂದರೆ, ಆ ಪಟ್ಟಿಗಳು ಇದನ್ನು ಅಳೆಯುವುದೇ ಇಲ್ಲ. ಪ್ರಪಂಚದ ವಿ.ವಿ.ಗಳಿಗೆ ರ‍್ಯಾಂಕ್ ಕೊಡುವ, 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ 30ರಷ್ಟು ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೆ, ಹಳೆಯ ವಿದ್ಯಾರ್ಥಿಗಳು ಗೆದ್ದದ್ದಕ್ಕೆ 10, ಅಧ್ಯಾಪಕರು ಗೆದ್ದದ್ದಕ್ಕೆ 20. ಇನ್ನು ಶೇ 20 ನೇಚರ್ ಮತ್ತು ಸೈನ್ಸ್ ಎಂಬ ಸಂಶೋಧನಾ ಪತ್ರಿಕೆಗಳಲ್ಲಿ ಬಂದ ಪೇಪರುಗಳಿಗೆ. ಬರ್ಲಿನ್‌ನಲ್ಲಿ ಸರ್ಕಾರಿ ವಿ.ವಿ.ಗಳು ಹಲವಿವೆ, ಅವುಗಳಲ್ಲಿ ಎರಡು ಹುಂಬೋಲ್ಟ್ ಮತ್ತು ಫ್ರೀ ಯೂನಿವರ್ಸಿಟಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಬರ್ಲಿನ್ ವಿ.ವಿ.ಯ ನೊಬೆಲ್‌ಗಳು, ಐನ್‌ಸ್ಟೈನ್ ಅವರದ್ದೂ ಸೇರಿ, ಯಾರ ಖಾತೆಗೆ ಸೇರಬೇಕು ಅಂತ ಈ ಎರಡರ ನಡುವೆ ತಕರಾರು ಬಂತು. ಅದು ಬಗೆಹರಿಯದೆ ಹಲವು ವರ್ಷ ಎರಡೂ ಶಾಂಘೈ ಪಟ್ಟಿಯಿಂದಲೇ ಹೊರಗಿದ್ದವು. ಫ್ರೀ ಯೂನಿವರ್ಸಿಟಿ ಹುಟ್ಟಿದ್ದೇ 1948ರಲ್ಲಿ. ಐನ್‌ಸ್ಟೈನ್ 1933ರ ಹೊತ್ತಿಗೇ ಜರ್ಮನಿ ಬಿಟ್ಟಾಗಿತ್ತು. ಈಗ ಆ ಎರಡರಲ್ಲಿ ಒಂದನ್ನು ಆರಿಸಬೇಕಾದ ಹುಡುಗಿಗೆ ಈ ತಕರಾರಿನಿಂದ ಏನು ತಿಳಿಯುತ್ತದೆ ಹೇಳಿ? ಅವಳಿಗೆ ಪಾಠ ಯಾರು ಮಾಡುತ್ತಾರೆ ಅನ್ನುವುದಂತೂ ತಿಳಿಯುವುದಿಲ್ಲ.

ಕ್ಯೂಎಸ್ ಅನ್ನುವ ಇನ್ನೊಂದು ಜಾಗತಿಕ ರ‍್ಯಾಂಕ್ ಪಟ್ಟಿಯಲ್ಲಿ ಅತಿ ಹೆಚ್ಚು ತೂಕ ಇರುವುದು ಖ್ಯಾತಿಗೆ. ಪ್ರಪಂಚದ ಅಧ್ಯಾಪಕರನ್ನು "ನಿಮ್ಮ ಕ್ಷೇತ್ರದಲ್ಲಿ ಯಾವ ವಿ.ವಿ. ಚೆನ್ನಾಗಿದೆ" ಅಂತ ಕೇಳಿ ಅದಕ್ಕೆ ಅಂಕ ಕೊಡುತ್ತಾರೆ. 2023ರಲ್ಲಿ ಈ ತೂಕವನ್ನು ಶೇ 40ರಿಂದ 30ಕ್ಕೆ ಇಳಿಸಿದರು. ಹೊರಗಿನವರ ನೆನಪಿನಲ್ಲಿ ಒಂದು ಡಿಪಾರ್ಟ್‌ಮೆಂಟಿನ ಒಳ್ಳೆಯ ದಿನಗಳು ಬಹಳ ಕಾಲ ಉಳಿಯುತ್ತವೆ. ನಿವೃತ್ತರಾದವರ ಹೆಸರಿಗೇ ಇನ್ನೂ ಓಟು ಬೀಳುತ್ತಿರುತ್ತದೆ. ಅದೇ ಪಟ್ಟಿಯಲ್ಲಿ ಅಧ್ಯಾಪಕ-ವಿದ್ಯಾರ್ಥಿ ಅನುಪಾತವೂ ಇದೆ, ಆದರೆ ಸಂಶೋಧನೆ ಮಾತ್ರ ಮಾಡುವವರನ್ನೂ ಅದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ.

ವಿ.ವಿ.ಗಳಿಗೇ ಇದು ಬೇಸರ ತರಿಸಿದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿ.ವಿ. 2023ರಲ್ಲಿ ಟೈಮ್ಸ್ ಹೈಯರ್ ಎಜುಕೇಷನ್ ಅನ್ನುವ ಮತ್ತೊಂದು ರ‍್ಯಾಂಕ್ ಪಟ್ಟಿಗೆ ಮಾಹಿತಿ ಕೊಡುವುದನ್ನು ನಿಲ್ಲಿಸಿತು. 2024ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ವಿ.ವಿ. ಕೂಡ ಇನ್ನು ಕೊಡುವುದಿಲ್ಲ ಅಂದಿತು. ಎರಡೂ ಸರ್ಕಾರಿ, ಎರಡೂ ಪಟ್ಟಿಯಲ್ಲಿ ಚೆನ್ನಾಗೇ ಇದ್ದವು. ಅಳೆಯಲು ಸಿಗುವುದನ್ನೇ ಅಳೆಯುತ್ತಾ ಹೋದರೆ ಗುಣಮಟ್ಟ ಬಿಟ್ಟು ಪೇಪರುಗಳ ಸಂಖ್ಯೆಯ ಹಿಂದೆ ಓಡುವಂತಾಗುತ್ತದೆ ಎನ್ನುವುದು ಜ್ಯೂರಿಕ್‌ನ ಆತಂಕ.

ಹಾಗಾದರೆ ಏನು ನೋಡಬೇಕು? ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಈ ವರ್ಷದ ಟೈಮ್‌ಟೇಬಲ್. ಕೈಪಿಡಿ ಬೇಡ, ಸಿಲಬಸ್ ಬೇಡ. ಈಗ ಗೋಡೆ ಮೇಲೆ ಅಂಟಿಸಿರುವ ಟೈಮ್‌ಟೇಬಲ್‌ನ ಫೋಟೋ. ಅದರಲ್ಲಿ ನಡೆಯುತ್ತಿರುವ ಪೇಪರು ಮತ್ತು ಪಾಠ ಮಾಡುವವರ ಹೆಸರು ಎರಡೂ ಇರುತ್ತವೆ. ಅದನ್ನು ವೆಬ್‌ಸೈಟಿನ ಅಧ್ಯಾಪಕರ ಪಟ್ಟಿಯ ಪಕ್ಕ ಇಟ್ಟು ನೋಡಿ. ವೆಬ್‌ಸೈಟಿನಲ್ಲಿ ಇದ್ದು ಟೈಮ್‌ಟೇಬಲ್‌ನಲ್ಲಿ ಇಲ್ಲದವರು ಎಷ್ಟು ಜನ ಅನ್ನುವುದೇ ನಿಮಗೆ ಬೇಕಾದ ಉತ್ತರ. ಈ ಫೋಟೋ ಆಫೀಸಿನಿಂದ ಬರುವುದಿಲ್ಲ, ಎರಡನೇ ವರ್ಷದಲ್ಲಿ ಓದುತ್ತಿರುವವರಿಂದ ಬರುತ್ತದೆ. ಓದು ಮುಗಿಸಿ ಹೋದ ಹಳಬರನ್ನು ಕೇಳಬೇಡಿ, ಅವರು ತಮ್ಮ ಕಾಲದ್ದು ಹೇಳುತ್ತಾರೆ.

ಸೀನಿಯರ್‌ಗಳನ್ನು ಕೇಳುವಾಗಲೂ "ಹೇಗಿದೆ" ಅಂತ ಕೇಳಬೇಡಿ. ಹೇಗಿದೆ ಅಂದರೆ ಎಲ್ಲರೂ ಸುಮ್ನೆ ಪರವಾಗಿಲ್ಲ ಅನ್ನುತ್ತಾರೆ. "ನೀವು ಕೊನೆಯ ಸಲ ಯಂತ್ರ ಬಳಸಿದ್ದು ಯಾವಾಗ?" ಅಂತ ಕೇಳಿ. "ಹೋದ ಬ್ಯಾಚಿನ ಅಂಕಪಟ್ಟಿ ಕೈಗೆ ಬಂದದ್ದು ಯಾವ ತಿಂಗಳು?" ಅಂತ ಕೇಳಿ. "ನಿಮ್ಮ ಗೈಡ್ ಹತ್ತಿರ ಎಷ್ಟು ಜನ ಪ್ರಾಜೆಕ್ಟ್ ಮಾಡುತ್ತಿದ್ದೀರಿ?" ಅಂತ ಕೇಳಿ. ಇಂಥ ಪ್ರಶ್ನೆಗೆ ಪರವಾಗಿಲ್ಲ ಅನ್ನುವ ಉತ್ತರ ಕೊಡಲು ಆಗುವುದಿಲ್ಲ. ಹೋಗಿ ನೋಡಲು ಸಾಧ್ಯವಾದರೆ ಲಾಗ್ ಬುಕ್ ನೋಡಿ. ತೋರಿಸಲ್ಲ ಅಂದರೆ ಅದನ್ನೂ ಗಮನಿಸಿ.

ಮುಂದೆ ಹೊರಗಡೆ ಓದುವ ಯೋಚನೆ ಇರುವವರು ರಿಸಲ್ಟ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹಿಂದಿನ ಬ್ಯಾಚುಗಳ ಫಲಿತಾಂಶ ಪ್ರಕಟಣೆಗಳು ಹೆಚ್ಚಾಗಿ ವಿ.ವಿ.ಯ ವೆಬ್‌ಸೈಟಿನಲ್ಲೇ ಇರುತ್ತವೆ, ಅದರ ಮೇಲಿನ ದಿನಾಂಕ ನೋಡಿದರೆ ಸಾಕು. ಪ್ರವೇಶಾತಿ ವಿಭಾಗಕ್ಕೆ ಬರೆಯುವುದಾದರೆ ಡಿಪಾರ್ಟ್‌ಮೆಂಟಿನ ಮುಖ್ಯಸ್ಥರಿಗೂ ಅದೇ ಮೇಲ್ ಹಾಕಿ, ಪೇಪರಿನ ಹೆಸರು, ಯಂತ್ರದ ಹೆಸರು ಬರೆದು ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೇಳಿ.

ಈಗಾಗಲೇ ಸೇರಿಬಿಟ್ಟಿದ್ದರೆ ಮೊದಲ ಸೆಮಿಸ್ಟರ್ ಮುಗಿಯುವ ಮುಂಚೆಯೇ ಇನ್ನೊಂದು ಕಡೆಯ ವರ್ಗಾವಣೆ ನಿಯಮ ವಿಚಾರಿಸಿ. ಎಷ್ಟು ಕ್ರೆಡಿಟ್ ಒಪ್ಪಿಕೊಳ್ಳುತ್ತಾರೆ ಅನ್ನುವುದಕ್ಕೆ ಹೆಚ್ಚಿನ ಕಡೆ ಮಿತಿ ಇರುತ್ತದೆ, ತಡವಾದಷ್ಟೂ ಕಳೆದುಕೊಳ್ಳುವುದು ಜಾಸ್ತಿ. ಬಾಯಿ ಮಾತಿಗೆ ಹೊರಡಬೇಡಿ, ಯಾವ ಪೇಪರಿಗೆ ಯಾವ ಪೇಪರು ಸಮ ಅಂತ ಬರಹದಲ್ಲಿ ತೆಗೆದುಕೊಳ್ಳಿ. ನಮ್ಮ ತರಗತಿಯ ಒಬ್ಬಳು ಮೊದಲ ವರ್ಷ ಮುಗಿಸಿ ಬೇರೆ ಕಡೆ ಹೋದಳು. ಅಲ್ಲಿ ಅರ್ಧ ಪೇಪರುಗಳನ್ನು ಮಾತ್ರ ಒಪ್ಪಿದರು, ಉಳಿದದ್ದನ್ನು ಅವಳು ಮತ್ತೆ ಓದಿ ಬರೆಯಬೇಕಾಯಿತು. ಹಾಗಿದ್ದೂ ಅವಳ ಅಂಕಪಟ್ಟಿ ನನ್ನದಕ್ಕಿಂತ ಮೊದಲು ಕೈಸೇರಿತು.