ಸೀಮೆಎಣ್ಣೆಯ ಫರ್ಗುಸನ್ ರಿಪೇರಿ: ಕಲಾಸಿಪಾಳ್ಯದ ಒಂದು ವರ್ಕ್‌ಶಾಪ್

ಕಲಾಸಿಪಾಳ್ಯದ ಹಿಂಬದಿಯ ಗಲ್ಲಿಯಲ್ಲಿ, ಬೋರ್ಡೂ ಇಲ್ಲದೆ ನಡೆಯುವ ಈ ವರ್ಕ್‌ಶಾಪಿನ ಮೇಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲೇ ಗಾಡಿ ಯಾವ ಎಣ್ಣೆಯದೆಂದು ವಿಚಾರಿಸುತ್ತಾರೆ. ಹಳೆಯ ಟ್ರ್ಯಾಕ್ಟರಿನ ಮಟ್ಟಿಗೆ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ. ನಮ್ಮ ದೇವನಹಳ್ಳಿ ತೋಟದ ಫರ್ಗುಸನ್ ಟಿಇಡಿ-20 ಟ್ರ್ಯಾಕ್ಟರನ್ನು ಹಿಂದೆ ನೋಡಿದ್ದ ಇನ್ನೊಂದು ಗ್ಯಾರೇಜಿನವರು ಕಾರ್ಬ್ಯುರೇಟರ್ ತೊಳೆದು ಕೈ ತೊಳೆದುಕೊಂಡಿದ್ದರು.

1946ರಲ್ಲಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಆರಂಭವಾದ ಈ ಸರಣಿಗೆ 1949ರಲ್ಲಿ ಸೇರಿದ ಟಿಇಡಿ, ಸೀಮೆಎಣ್ಣೆಯ ಜಾತಿಗೇ ಸೇರಿದ ಟಿವಿಒ ಎಂಬ ಅಗ್ಗದ ಇಂಧನಕ್ಕಾಗಿ ತಯಾರಾದದ್ದು. ಡೀಸೆಲ್ ಮಾದರಿ ಬಂದದ್ದು 1951ರಲ್ಲಿ. ತಣ್ಣಗಿರುವಾಗ ಟಿವಿಒ ಆವಿಯಾಗದ ಕಾರಣ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಇಂಧನದ ನಲ್ಲಿಯನ್ನು ಟಿವಿಒ ಕಡೆಗೆ ತಿರುಗಿಸಬೇಕಿತ್ತು. ಟಿವಿಒಗೆ ಬೇಗ ನಾಕ್ ಆಗುವ (ಹೊತ್ತಿಗೆ ಮುಂಚೆ ತಾನಾಗಿ ಉರಿದು ಬಡಿಯುವ) ಗುಣವಿದ್ದುದರಿಂದ ಕಂಪ್ರೆಷನ್ನನ್ನೂ, ಅಂದರೆ ಸಿಲಿಂಡರಿನೊಳಗಿನ ಒತ್ತಡವನ್ನೂ, ಕಡಿಮೆ ಇಟ್ಟಿದ್ದರು. ಕಾವು ಸಾಲದಿದ್ದರೆ ಉರಿಯದೆ ಉಳಿದ ಎಣ್ಣೆ ಸಿಲಿಂಡರಿನ ಗೋಡೆ ತೊಳೆಯುತ್ತಾ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ ಇಳಿಯುತ್ತದೆ. ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು ತೋರಿಸಿದಾಗ ಆಯಿಲ್ ಗೆರೆಗಿಂತ ಮೇಲಿತ್ತು, ಬೆರಳಿಗೆ ನೀರಿನಷ್ಟು ತೆಳ್ಳಗೆ ಹತ್ತಿತು, ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಕಾರಣ ಸರಳ: ಎಂಜಿನ್ ಕಾಯುವವರೆಗೆ ತಂಪಿನ ನೀರನ್ನು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟನ್ನು ಯಾರೋ ಕಿತ್ತೆಸೆದಿದ್ದರು. (ನಮ್ಮ ಕಡೆ ಎಂಜಿನ್ ಸ್ವಲ್ಪ ಬಿಸಿಯಾದರೂ ಮೊದಲು ಬಲಿಯಾಗುವುದು ಅದೇ.)

ಥರ್ಮೋಸ್ಟಾಟ್ ಕೂರಿಸಿ, ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬದಲಿಸಿ, ಹೊಸ ಆಯಿಲ್ ತುಂಬಿದ ಮೇಲೆ ಅವರು ಕೊಟ್ಟ ಸಲಹೆ ನನಗೆ ಇನ್ನೂ ಹಿಡಿಸಿತು. ಟಿವಿಒ ಇಂದು ಸಿಗುವ ಮಾತಿಲ್ಲ. ಸೀಮೆಎಣ್ಣೆ ಹುಡುಕಿಕೊಂಡು ಅಲೆಯುವುದಕ್ಕಿಂತ ಬರೀ ಪೆಟ್ರೋಲಿನಲ್ಲೇ ಓಡಿಸಿ, ಕಡಿಮೆ ಕಂಪ್ರೆಷನ್ನಿನ ಎಂಜಿನ್ನಿಗೆ ಅದರಿಂದ ಯಾವ ತೊಂದರೆಯೂ ಇಲ್ಲ ಎಂದರು. ಡೀಸೆಲ್ ಎಂಜಿನ್ ಕೂರಿಸಿಬಿಡಿ ಎಂದು ಖರ್ಚಿಗೆ ದಾರಿ ಮಾಡುವವರೇ ಹೆಚ್ಚಾಗಿರುವಾಗ ಇದು ಅಪರೂಪ.

ದೂರುಗಳೂ ಇವೆ. ಹೇಳಿದ ದಿನಕ್ಕೆ ಗಾಡಿ ಸಿಗಲಿಲ್ಲ. ಬಿಲ್ಲಿನಲ್ಲಿ ಬಿಡಿಭಾಗಕ್ಕೆಷ್ಟು, ಕೂಲಿಗೆಷ್ಟು ಎಂಬ ವಿವರವಿಲ್ಲದೆ ಒಟ್ಟು ಮೊತ್ತವನ್ನಷ್ಟೇ ಬರೆದುಕೊಟ್ಟರು. ಇಂಜೆಕ್ಷನ್ ಪಂಪಿನ ಕೆಲಸವನ್ನು ಅವರು ಹೊರಗೆ ಕಳಿಸುವುದರಿಂದ ಡೀಸೆಲ್ ಫರ್ಗುಸನ್ ಇಟ್ಟುಕೊಂಡವರು ನೇರವಾಗಿ ಪಂಪ್ ಅಂಗಡಿಗೆ ಹೋಗುವುದೇ ಮೇಲು. ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಗಾಡಿಯಿದ್ದರೆ ಧಾರಾಳವಾಗಿ ಒಯ್ಯಬಹುದು. ಆದರೆ ಗಲ್ಲಿ ಇಕ್ಕಟ್ಟಾಗಿರುವುದರಿಂದ ಅಂಗಡಿಗಳು ತೆರೆಯುವ ಮೊದಲೇ ಲಾರಿಯಿಂದ ಇಳಿಸಿಕೊಳ್ಳಬೇಕು.